ಮೈಟೋಕಾಂಡ್ರಿಯದ ಉತ್ಪರಿವರ್ತನೆಗಳೂ ಅರ್ಬುದರೋಗವೂ

ಅರ್ಬುದರೋಗದಿಂದ, ಎಂದರೆ ಲೋಕದಲ್ಲಿ ಕ್ಯಾನ್ಸರ್ ಎಂದು ರೂಢಿಯಾಗಿರುವ ರೋಗದಿಂದ, ಕೆಟ್ಟ ಅಂಗದ ಒಂದು ತುಣುಕನ್ನೂ ಅದೇ ರೋಗಿಯ ರಕ್ತವನ್ನೂ ತೆಗೆದುಕೊಂಡು, ಎರಡರಲ್ಲಿಯೂ ಇರುವ ಮೈಟೋಕಾಂಡ್ರಿಯದ ಡಿ.ಎನ್.ಎ.ಯನ್ನು ಅಕ್ಷರಕ್ಕೆ ಅಕ್ಷರವಾಗಿ ಓದಿ ಹೋಲಿಸಿದರೆ, ಅನೇಕ ವೇಳೆ ಗಡ್ಡೆಯ ಪಾಠದಲ್ಲಿ ಒಂದೋ ಎರಡೋ ವ್ಯತ್ಯಾಸಗಳು ತೋರುವುವು. ರಕ್ತದಲ್ಲಿ ಇಲ್ಲದ ಆ ವ್ಯತ್ಯಾಸಗಳು ರೋಗಿಯು ತಾಯಿಯಿಂದ ಪಡೆದುವಲ್ಲ. ಅವನ ಜೀವಿತಕಾಲದಲ್ಲಿ ಆ ಅಂಗದಲ್ಲಿಯೇ ಉಂಟಾದುವು. ಇಷ್ಟರಿಂದಲೇ ಅವು ರೋಗಕ್ಕೆ ಕಾರಣವೆಂದು ಹೇಳಬಹುದೆ? ಅಥವಾ ಅವು ರೋಗದಿಂದ ಹುಟ್ಟಿದ ಕಾರ್ಯಗಳೆ? ಅಥವಾ ಕಾರಣವೂ ಅಲ್ಲದೆ ಕಾರ್ಯವೂ ಅಲ್ಲದೆ, ಹೊಳೆಯ ನೆರೆಯಲ್ಲಿ ತೇಲಿಬಂದ ಕಡ್ಡಿಯಂತೆ ಸುಮ್ಮನೆ ಜೊತೆಗೂಡಿದುವೆ? ೧೯೯೮ರಿಂದ ಈಚೆಗೆ ಈ ಪ್ರಶ್ನೆಗೆ ಮೂರು ಬಗೆಯ ಉತ್ತರಗಳನ್ನೂ ವಿದ್ವಾಂಸರು ಕೊಟ್ಟಿದ್ದಾರೆ. ಉತ್ತರವನ್ನು ಅನುಸರಿಸಿ ಚಿಕಿತ್ಸೆಯ ಮಾರ್ಗವೂ ಬೇರೆಯಾಗುವುದರಿಂದ ಇದನ್ನು ಕೇವಲ ಪಂಡಿತವಾದವೆಂದು ತಳ್ಳಿಬಿಡುವಂತಿಲ್ಲ.

ವಿಷಯಕ್ಕೆ ಪ್ರವೇಶಿಸುವ ಮೊದಲು ಮೈಟೋಕಾಂಡ್ರಿಯದ ಸ್ವರೂಪವನ್ನು ಸ್ವಲ್ಪ ತಿಳಿದಿರಬೇಕು. ಜೀವಕೋಶದ ರಸದಲ್ಲಿ ಹರಡಿಕೊಂಡಿರುವ ಈ ಸೂಕ್ಷ್ಮಾಂಗಗಳನ್ನು ೧೮೯೦ರಲ್ಲಿ ಜರ್ಮನಿಯ ರಿಚರ್ಡ್ ಆಲ್ಟ್‌ಮನ್ ಅವರು ವಿವರಿಸಿದರು. ೧೮೯೮ರಲ್ಲಿ ಕಾರ್ಲ್ ಬೆಂಡಾ ಅವರು ಗ್ರೀಕ್ ಭಾಷೆಯ ನೂಲು, ಕಾಳು ಎಂಬರ್ಥದ ಎರಡು ಪದಗಳನ್ನು ಕೂಡಿಸಿ ಈಗಿನ ಹೆಸರನ್ನು ಕೊಟ್ಟರು. ಉಂಡ ಆಹಾರದ ಸಾರವನ್ನು ಆಮ್ಲಜನಕದೊಡನೆ ಮೆಲ್ಲಮೆಲ್ಲನೆ ದಹಿಸಿ ಕೋಶಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವುದು ಇವುಗಳ ಮುಖ್ಯ ಕೆಲಸ. ಕೋಶಕೇಂದ್ರದಲ್ಲಿರುವ ದೊಡ್ಡ ಡಿ.ಎನ್.ಎ.ಯಲ್ಲದೆ ಮೈಟೋಕಾಂಡ್ರಿಯಕ್ಕೆ ತನ್ನದೇ ಆದ ಪುಟ್ಟ ಡಿ.ಎನ್.ಎ. ಒಂದುಂಟೆಂಬುದನ್ನು ೧೯೬೩ರಲ್ಲಿ ಮಾರ್ಗಿಟ್ ನಾಸ್, ಸಿಲ್ವನ್ ನಾಸ್ ಎಂಬವರು ಕೋಳಿಯ ಭ್ರೂಣದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯದಿಂದ ತೋರಿಸಿದರು. ಬಳೆಯಂತೆ ಸುತ್ತಿಕೊಂಡಿರುವ ಈ ಡಿ.ಎನ್.ಎ. ಮನುಷ್ಯನಲ್ಲಿ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವುದು. ಇದರಲ್ಲಿರುವ ವಂಶವಾಹಿಗಳು ೩೭. ಅವುಗಳಲ್ಲಿ ೧೩ ಮಾತ್ರ ಪ್ರೋಟೀನುಗಳನ್ನು ಹುಟ್ಟಿಸತಕ್ಕವು. ಉಳಿದ ೨೪ ಆ ಹುಟ್ಟಿಸುವ ಕೆಲಸಕ್ಕೆ ಉಪಕರಣಗಳಾಗಿರುವುವು. ಆ ೧೩ ಪ್ರೋಟೀನುಗಳೂ ಶ್ವಾಸಕ್ರಿಯೆಯ ಯಂತ್ರದ ಅಂಗಗಳೇ. ಏಳು ಆ ಯಂತ್ರದ ಮೊದಲನೆಯ ಘಟಕವೊಂದರಲ್ಲಿಯೇ ಸೇರಿವೆ. ಮೈಟೋಕಾಂಡ್ರಿಯಕ್ಕೆ ಬೇಕಾದ ಉಳಿದ ನೂರಾರು ಪ್ರೋಟೀನುಗಳು ಕೋಶಕೇಂದ್ರದ ವಂಶವಾಹಿಗಳಿಂದ ಬರತಕ್ಕವು.

ಈ ಚಿಕ್ಕ ಗ್ರಂಥದ ಪೂರ್ಣ ಪಾಠವು ೧೯೮೧ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಫ್ರೆಡರಿಕ್ ಸ್ಯಾಂಗರ್ ಅವರ ಪ್ರಯೋಗಶಾಲೆಯಿಂದ ಪ್ರಕಟವಾಯಿತು. ಅಕ್ಷರಗಳ, ಎಂದರೆ ಪ್ರತ್ಯಾಮ್ಲ ಜೋಡಿಗಳ, ಸಂಖ್ಯೆ ೧೬,೫೬೯ ಎಂದು ಎಣಿಸಲಾಯಿತು. ಇಲ್ಲಿ ಒಂದು ಸಂಗತಿಯನ್ನು ಪ್ರಾಸಂಗಿಕವಾಗಿ ಹೇಳಬಹುದು. ಆ ಪಾಠಕ್ಕೆ ಆಧಾರವಾದುದು ಬಹುಮಟ್ಟಿಗೆ ಒಬ್ಬಾಕೆಯ ಹೆರಿಗೆಯ ಮಾಸು. ಆದರೆ ಕೆಲವೆಡೆ, ೧೯೫೧ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕೊರಳಿನ ಅರ್ಬುದದಿಂದ ತೆಗೆದು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಬೆಳೆಸುತ್ತ ಬಂದ ಹೀಲಾ ಕೋಶಗಳ ಪಾಠವನ್ನೂ, ಸಂದೇಹವಿದ್ದ ಕೆಲವು ಸ್ಥಾನಗಳಲ್ಲಿ ಹಸುವಿನ ಪಾಠವನ್ನೂ ಬಳಸಿಕೊಂಡಿದ್ದರು. ೧೯೯೯ರಲ್ಲಿ ಮೊದಲಿನ ಮಾಸನ್ನೇ ಮರಳಿ ಓದಿ ತಪ್ಪುಗಳನ್ನು ತಿದ್ದಿದಾಗ ಒಂದು ಅಕ್ಷರ ಹೆಚ್ಚಾಗಿ ಸೇರಿಹೋಗಿದ್ದುದು ಗೊತ್ತಾಯಿತು. ಆದರೂ ಹಳೆಯ ಸಂಖ್ಯಾಕ್ರಮ ಕೆಡಬಾರದೆಂದು ಆ ಸ್ಥಳವನ್ನು ಬರಿದಾಗಿಯೇ ಬಿಟ್ಟರು. ಹೀಗೆ, ಅರ್ಬುದದ ಪಾಠವನ್ನು ಹೋಲಿಸಿ ನೋಡುವುದಕ್ಕೆಂದು ಇಟ್ಟುಕೊಂಡ ಮೂಲಪ್ರತಿಯಲ್ಲಿಯೇ ಹದಿನೆಂಟು ವರ್ಷಗಳ ಕಾಲ ಅರ್ಬುದದ ಕೆಲವು ಸಾಲುಗಳು ಕುಳಿತಿದ್ದುವು.

ಕೋಶಕೇಂದ್ರದ ಡಿ.ಎನ್.ಎ.ಯಲ್ಲಿ ಪ್ರತಿಯೊಂದು ವಂಶವಾಹಿಗೂ ಸಾಮಾನ್ಯವಾಗಿ ಎರಡು ಪ್ರತಿಗಳು, ತಂದೆಯದೊಂದು ತಾಯಿಯದೊಂದು. ಮೈಟೋಕಾಂಡ್ರಿಯದ ಡಿ.ಎನ್.ಎ.ಗಾದರೋ ಒಂದೊಂದು ಕೋಶದಲ್ಲಿ ನೂರಾರು ಅಥವಾ ಸಾವಿರಾರು ಪ್ರತಿಗಳಿರುವುವು. ಒಂದು ಪ್ರತಿಯಲ್ಲಿ ತಪ್ಪು ಬಿದ್ದರೆ ಅದು ಮೊದಲು ಸಾವಿರದಲ್ಲಿ ಒಂದು ಪಾಲು ಮಾತ್ರ; ಕೋಶಕ್ಕೆ ಅದು ತಿಳಿಯುವುದೇ ಇಲ್ಲ. ಸರಿಯಾದ ಪ್ರತಿಗಳೂ ತಪ್ಪಾದ ಪ್ರತಿಗಳೂ ಕೂಡಿರುವ ಸ್ಥಿತಿಯನ್ನು ಮಿಶ್ರಪಾಠವೆಂದೂ, ಎಲ್ಲ ಪ್ರತಿಗಳೂ ಒಂದೇ ಆಗಿರುವ ಸ್ಥಿತಿಯನ್ನು ಏಕಪಾಠವೆಂದೂ ಕರೆಯಬಹುದು. ತಪ್ಪಿನ ಪಾಲು ಒಂದು ಮಿತಿಯನ್ನು ದಾಟಿದ ಮೇಲೆಯೇ ಶ್ವಾಸಕ್ರಿಯೆಗೆ ಕುಂದು ಬರುವುದು. ಈ ಪಾಲಿನ ವಿಚಾರವನ್ನು ಮರೆತು ಮಾಡಿದ ವಾದಗಳೆಲ್ಲ ಮುಂದೆ ತೊಡಕಿಗೆ ಸಿಕ್ಕಿಕೊಂಡುವು.

ಅರ್ಬುದಕ್ಕೂ ಶ್ವಾಸಕ್ರಿಯೆಗೂ ಸಂಬಂಧವುಂಟೆಂಬ ಭಾವನೆ ಇದಕ್ಕಿಂತ ಬಹು ಹಿಂದಿನದು. ೧೯೨೦ರ ದಶಕದಲ್ಲಿ ಬರ್ಲಿನ್ನಿನ ಓಟ್ಟೋ ವಾರ್ಬುರ್ಗ್ ಅವರು, ಅರ್ಬುದದ ಕೋಶಗಳು ಆಮ್ಲಜನಕವು ಸಾಕಷ್ಟಿರುವಾಗಲೂ ಸಕ್ಕರೆಯನ್ನು ಪೂರ್ತಿಯಾಗಿ ದಹಿಸದೆ ಹುದುಗಿಸಿ ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುವುವೆಂದು ಅಳೆದು ತೋರಿಸಿದರು. ಒಂದು ಗ್ಲೂಕೋಸ್ ಅಣುವನ್ನು ಪೂರ್ಣವಾಗಿ ದಹಿಸಿದರೆ ಎ.ಟಿ.ಪಿ. ಎಂಬ ಶಕ್ತಿನಾಣ್ಯಗಳು ಸುಮಾರು ಮೂವತ್ತು ದೊರೆಯುವುವು, ಹುದುಗಿಸಿದರೆ ಎರಡೇ. ಇಷ್ಟು ನಷ್ಟದ ವ್ಯಾಪಾರವನ್ನು ಕೋಶವು ಕೈಕೊಳ್ಳಬೇಕಾದರೆ ಅದರ ಶ್ವಾಸಯಂತ್ರವೇ ಸರಿಪಡಿಸಲಾಗದಂತೆ ಕೆಟ್ಟಿರಬೇಕೆಂದು ವಾರ್ಬುರ್ಗ್ ಅವರು ಊಹಿಸಿ, ೧೯೫೬ರಲ್ಲಿ ಅದನ್ನೇ ಅರ್ಬುದದ ಮೂಲವೆಂದು ಖಂಡಿತವಾಗಿ ಸಾರಿದರು. ಅದೇ ವರ್ಷ ಸಿಡ್ನಿ ವೈನ್‌ಹೌಸ್ ಅವರು ಇದನ್ನು ವಿರೋಧಿಸಿದರು. ಅರ್ಬುದದ ಕೋಶಗಳು ಹುದುಗಿಸುವುದು ನಿಜ, ಆದರೆ ಉಸಿರಾಡುವುದನ್ನೂ ಬಿಟ್ಟಿಲ್ಲವೆಂಬುದು ಅವರ ಆಕ್ಷೇಪ. ವಾರ್ಬುರ್ಗ್ ಅವರ ಅಳತೆ ಇಂದಿಗೂ ನಿಂತಿದೆ. ಊಹೆಗೆ ಮಾತ್ರ ಹಾಗೆ ಹೇಳಲಾಗದು. ಆದರೆ ಮೈಟೋಕಾಂಡ್ರಿಯದ ಡಿ.ಎನ್.ಎ. ಗೊತ್ತಾದ ಮೇಲೆ ಆ ಊಹೆಗೆ ಹೊಸ ಆಶ್ರಯ ದೊರೆತಂತಾಯಿತು. ಕೆಟ್ಟಿರುವುದು ಈ ಪುಟ್ಟ ಗ್ರಂಥವೇ ಇರಬಾರದೇಕೆ?

೧೯೯೮ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಬರ್ಟ್ ವೋಗೆಲ್‌ಸ್ಟೈನ್ ಅವರ ಬಳಗವು ದೊಡ್ಡಕರುಳಿನ ಅರ್ಬುದದ ಹತ್ತು ಕೋಶಸಂತತಿಗಳನ್ನು ಪರೀಕ್ಷಿಸಿ ಏಳರಲ್ಲಿ ಉತ್ಪರಿವರ್ತನೆಗಳನ್ನು ಕಂಡಿತು. ವಿಶೇಷವೇನೆಂದರೆ ಅವುಗಳಲ್ಲಿ ಬಹುಭಾಗವು ಏಕಪಾಠವಾಗಿದ್ದುವು. ಸಾವಿರಾರು ಪ್ರತಿಗಳಲ್ಲಿ ಒಂದರಲ್ಲಿ ಹುಟ್ಟಿದ ತಪ್ಪು ಉಳಿದೆಲ್ಲವನ್ನೂ ಹೊರದೂಡಿ ತಾನೇ ನೆಲೆಯಾಗಿ ನಿಂತಿದ್ದಿತು. ೨೦೦೦ದಲ್ಲಿ ಅದೇ ವಿಶ್ವವಿದ್ಯಾನಿಲಯದ ಮತ್ತೊಂದು ಬಳಗವು ಮೂತ್ರಾಶಯದ ೧೪ ಗಡ್ಡೆಗಳಲ್ಲಿ ೯ರಲ್ಲಿಯೂ, ತಲೆ ಮತ್ತು ಕತ್ತಿನ ೧೩ರಲ್ಲಿ ೬ರಲ್ಲಿಯೂ, ಶ್ವಾಸಕೋಶದ ೧೪ರಲ್ಲಿ ೬ರಲ್ಲಿಯೂ ಇಂಥವನ್ನೇ ಕಂಡು, ರೋಗಿಗಳ ಮೂತ್ರ, ಎಂಜಲು ಮುಂತಾದುವುಗಳಲ್ಲಿಯೂ ಅವುಗಳನ್ನು ಗುರುತಿಸಬಹುದೆಂದು ತೋರಿಸಿತು. ಪ್ರತಿಗಳು ಅಸಂಖ್ಯವಾಗಿರುವುದರಿಂದ ಪತ್ತೆ ಸುಲಭ. ಎಂಜಲನ್ನು ಪರೀಕ್ಷಿಸಿ ಅರ್ಬುದವನ್ನು ಮೊದಲೇ ಹಿಡಿಯಬಹುದೆಂಬ ಆಸೆ ಆಗ ಎಷ್ಟು ಬಲವಾಗಿ ಹುಟ್ಟಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ತಪ್ಪು ಪ್ರತಿಯು ಉಳಿದೆಲ್ಲವನ್ನೂ ಗೆದ್ದಿತೆಂದರೆ ಅದರಿಂದ ಕೋಶಕ್ಕೆ ಏನೋ ಲಾಭವಿರಲೇಬೇಕೆಂದು ಅನೇಕರು ತರ್ಕಿಸಿದರು.

ಈ ತರ್ಕದ ಮೇಲೆ ಮೊದಲನೆಯ ಪೆಟ್ಟು ೨೦೦೧ರಲ್ಲಿ ಬಿದ್ದಿತು. ಹಿಲರಿ ಕೋಲರ್ ಮುಂತಾದವರು ಗಣಕಯಂತ್ರದಲ್ಲಿ ಲೆಕ್ಕಹಾಕಿ, ಲಾಭವೆಂಬುದು ಲೇಶವೂ ಇಲ್ಲದಿದ್ದರೂ ಏಕಪಾಠವು ಉಂಟಾಗಬಹುದೆಂದು ತೋರಿಸಿದರು. ಇದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಒಂದು ಮಠದಲ್ಲಿ ಒಂದು ಕಾವ್ಯದ ನೂರು ಓಲೆಪ್ರತಿಗಳಿವೆಯೆಂದೂ, ತಲೆಮಾರಿಗೊಮ್ಮೆ ಲಿಪಿಕಾರರು ಕೈಗೆ ಸಿಕ್ಕ ಪ್ರತಿಗಳನ್ನು ಮರಳಿ ಬರೆದು ಹಳೆಯವನ್ನು ನೀರಿಗೆ ಬಿಡುವರೆಂದೂ ಭಾವಿಸಬೇಕು. ಒಂದು ಪ್ರತಿಯಿಂದ ಮೂರು ನಕಲುಗಳಾಗಬಹುದು, ಮತ್ತೊಂದರಿಂದ ಒಂದೂ ಆಗದಿರಬಹುದು. ಹೀಗೆ ಹಲವಾರು ತಲೆಮಾರುಗಳು ಕಳೆದರೆ, ಯಾರೂ ಯಾವ ಪಾಠವನ್ನೂ ಮೆಚ್ಚಿ ಆರಿಸದಿದ್ದರೂ, ಮಠದಲ್ಲಿ ಉಳಿದ ನೂರು ಪ್ರತಿಗಳೂ ಒಂದೇ ಮಾತೃಕೆಯಿಂದ ಇಳಿದುವಾಗಿರುವುವು. ಆ ಮಾತೃಕೆಯಲ್ಲಿ ಒಂದು ತಪ್ಪಿದ್ದರೆ ಅದೇ ಸರ್ವಸಂಮತವಾದ ಪಾಠವಾಗುವುದು. ಅರ್ಬುದದ ಕೋಶವು ಮೇಲಿಂದ ಮೇಲೆ ಇಬ್ಭಾಗವಾಗುವುದರಿಂದ ಅಲ್ಲಿ ತಲೆಮಾರುಗಳಿಗೆ ಕೊರತೆಯಿಲ್ಲ. ೨೦೦೩ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ನಗರದ ಸಂಶೋಧಕರು ಮನುಷ್ಯನ ಆರೋಗ್ಯವಾದ ದೊಡ್ಡಕರುಳಿನಲ್ಲಿಯೇ, ಒಳಪದರದ ಸೂಕ್ಷ್ಮಕೂಪಗಳಲ್ಲಿ, ಇಂಥ ಉತ್ಪರಿವರ್ತನೆಗಳು ನೆಲೆಗೊಂಡಿರುವುದನ್ನು ಕಂಡರು. ವಯಸ್ಸಾದಂತೆ ಅಂಥ ಕೂಪಗಳು ಹೆಚ್ಚಿದುವು. ಅರ್ಬುದವಿಲ್ಲದೆಡೆಯಲ್ಲಿಯೂ ಇರುವ ಚಿಹ್ನೆಯನ್ನು ಅರ್ಬುದದ ಕಾರಣವೆನ್ನುವುದಕ್ಕೆ ಇನ್ನೂ ಹೆಚ್ಚಿನ ಪ್ರಮಾಣ ಬೇಕು.

ಎರಡನೆಯ ಪೆಟ್ಟು ಇದಕ್ಕಿಂತ ಕಠಿನವಾದುದು. ೨೦೦೫ರಲ್ಲಿ ಸ್ಪೇನಿನ ಆಂಟೋನಿಯೊ ಸಾಲಸ್ ಅವರೂ ಅವರ ಸಹೋದ್ಯೋಗಿಗಳೂ ಆವರೆಗೆ ಪ್ರಕಟವಾಗಿದ್ದ ಅನೇಕ ವರದಿಗಳನ್ನು ಗ್ರಂಥಸಂಪಾದಕರ ಕಣ್ಣಿನಿಂದ ಪರಿಶೀಲಿಸಿದರು. ಮೈಟೋಕಾಂಡ್ರಿಯವು ತಾಯಿಯಿಂದ ಬರುವುದರಿಂದ ಲೋಕದ ಜನರೆಲ್ಲರೂ ಕೆಲವು ಮಾತೃವಂಶಶಾಖೆಗಳಿಗೆ ಸೇರುವರು. ಪ್ರತಿಯೊಂದು ಶಾಖೆಗೂ ತನ್ನದೇ ಆದ ಪಾಠಾಂತರಗಳ ಗುಂಪು ಒಂದಿರುವುದು. ಗಡ್ಡೆಯಲ್ಲಿ ಹೊಸದಾಗಿ ಹುಟ್ಟಿದುವೆಂದು ಹೇಳಿದ ಐದಾರು ಉತ್ಪರಿವರ್ತನೆಗಳು ಮತ್ತೊಂದು ಶಾಖೆಯ ಗುರುತುಗಳೊಂದಿಗೆ ಪೂರ್ತಿಯಾಗಿ ಕೂಡಿಕೊಂಡರೆ ಏನೆನ್ನಬೇಕು? ಒಂದು ಕಟ್ಟಿನ ನಡುವೆ ಬೇರೆ ಕಟ್ಟಿನ ಓಲೆ ಸೇರಿಕೊಂಡಿದೆಯೆಂದೇ ಸಂಪಾದಕನು ಹೇಳುವನು. ಇಲ್ಲಿಯೂ ಅದೇ ಆಗಿದ್ದಿತು. ಒಬ್ಬನ ಮಾದರಿಯು ಮತ್ತೊಬ್ಬನದರೊಡನೆ ಬೆರೆತದ್ದರಿಂದಲೂ ಅದಲುಬದಲಾದದ್ದರಿಂದಲೂ ಹುಟ್ಟಿದ ಭ್ರಾಂತಿಗಳು ಉತ್ಪರಿವರ್ತನೆಗಳೆಂದು ಅಚ್ಚಾಗಿದ್ದುವು. ವಿಜ್ಞಾನದಲ್ಲಿ ತಪ್ಪು ಬೀಳುವುದು ಅಪೂರ್ವವಲ್ಲ. ಆದರೆ ರೋಗನಿರ್ಣಯದ ಸಾಧನವನ್ನು ಇಂಥ ಅಡಿಪಾಯದ ಮೇಲೆ ಕಟ್ಟಹೊರಟಿದ್ದುದು ಶೋಚನೀಯ. ಈ ವಿಮರ್ಶೆಗೆ ಹೊಸ ಯಂತ್ರವಾಗಲಿ ಹೊಸ ಪ್ರಯೋಗವಾಗಲಿ ಬೇಕಾಗಿರಲಿಲ್ಲವೆಂಬುದೂ ಗಮನಾರ್ಹವಾಗಿದೆ. ಅಚ್ಚಾದ ಪಟ್ಟಿಗಳನ್ನು ವಂಶವೃಕ್ಷದ ಪಕ್ಕದಲ್ಲಿಟ್ಟು ತಾಳ್ಮೆಯಿಂದ ಓದಿದುದೇ ಸಾಕಾಯಿತು.

ಹಾಗಾದರೆ ನಿಜವಾದ ಉತ್ಪರಿವರ್ತನೆಗಳು ಏನನ್ನಾದರೂ ಮಾಡುವುವೆ ಎಂಬುದನ್ನು ಪ್ರಯೋಗದಿಂದಲೇ ತಿಳಿಯಬೇಕು. ಅದಕ್ಕೆ ಸಾಧನವನ್ನು ೧೯೮೯ರಲ್ಲಿ ಮೈಕಲ್ ಕಿಂಗ್, ಜೂಸೆಪ್ಪೆ ಆಟ್ಟಾರ್ಡಿ ಎಂಬವರು ಒದಗಿಸಿದ್ದರು. ಅವರು ಕೋಶದಿಂದ ಮೈಟೋಕಾಂಡ್ರಿಯದ ಡಿ.ಎನ್.ಎ.ಯನ್ನು ಸಂಪೂರ್ಣವಾಗಿ ತೊಲಗಿಸಿ, ಆ ಶೂನ್ಯಕೋಶಕ್ಕೆ ಬೇರೆಡೆಯ ಮೈಟೋಕಾಂಡ್ರಿಯವನ್ನು ಕಸಿಮಾಡಿದರು. ಕೋಶಕೇಂದ್ರ ಒಂದೇ ಆಗಿದ್ದು ಮೈಟೋಕಾಂಡ್ರಿಯ ಮಾತ್ರ ಬೇರೆಯಾದ ಎರಡು ಕೋಶಗಳನ್ನು ಹೋಲಿಸಿದರೆ, ಕಾಣುವ ಭೇದಕ್ಕೆ ಮೈಟೋಕಾಂಡ್ರಿಯವೇ ಕಾರಣವೆಂಬುದು ಸ್ಪಷ್ಟವಷ್ಟೆ. ಈ ಉಪಾಯದಿಂದ ೨೦೦೫ರಲ್ಲಿ ಡಗ್ಲಸ್ ವಾಲೆಸ್ ಅವರ ಬಳಗವು ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕೋಶಗಳಿಗೆ ೮೯೯೩ನೆಯ ಸ್ಥಾನದ ಒಂದು ಉತ್ಪರಿವರ್ತನೆಯನ್ನು ಸೇರಿಸಿ ಇಲಿಗಳಲ್ಲಿ ನೆಟ್ಟಾಗ, ಗಡ್ಡೆಗಳು ಸರಿಯಾದ ಪಾಠವುಳ್ಳ ಕೋಶಗಳ ಗಡ್ಡೆಗಳಿಗಿಂತ ಏಳರಷ್ಟು ದೊಡ್ಡವಾಗಿ ಬೆಳೆದುವು. ೨೦೦೮ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾನಿಲಯದ ಜುನ್‌ಇಚಿ ಹಯಾಶಿ ಅವರ ಬಳಗದವರು ಇಲಿಯ ಶ್ವಾಸಕೋಶಾರ್ಬುದದ ಎರಡು ಕೋಶಸಂತತಿಗಳನ್ನು ತೆಗೆದುಕೊಂಡರು. ಒಂದು ದೂರದ ಅಂಗಗಳಿಗೆ ಹರಡುವ ಗುಣವುಳ್ಳದು, ಮತ್ತೊಂದು ಅಷ್ಟಾಗಿ ಹರಡದು. ಎರಡರ ಮೈಟೋಕಾಂಡ್ರಿಯವನ್ನೂ ಅದಲುಬದಲು ಮಾಡಿದಾಗ ಹರಡುವ ಗುಣವೂ ಅದಲುಬದಲಾಯಿತು. ಕಾರಣವು ಮೊದಲನೆಯ ಘಟಕದ ಒಂದು ವಂಶವಾಹಿಯ ಉತ್ಪರಿವರ್ತನೆ. ಅದರಿಂದ ಆಮ್ಲಜನಕದ ಉಗ್ರರೂಪಗಳು ಹೆಚ್ಚಾಗಿ ಹೊಮ್ಮುತ್ತಿದ್ದುವು. ಅವುಗಳನ್ನು ಅಡಗಿಸುವ ದ್ರವ್ಯವನ್ನು ಮೊದಲೇ ಕೊಟ್ಟಾಗ ಹರಡುವಿಕೆ ತಗ್ಗಿತು. ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಬಾರದು: ಈ ಎರಡು ಪ್ರಯೋಗಗಳಲ್ಲಿಯೂ ಬಳಸಿದ ಕೋಶಗಳು ಮೊದಲೇ ಅರ್ಬುದದವು. ಮೈಟೋಕಾಂಡ್ರಿಯದ ಉತ್ಪರಿವರ್ತನೆಯು ಇದ್ದ ಕೇಡನ್ನು ಹೆಚ್ಚಿಸಬಲ್ಲುದೆಂಬುದು ಸಿದ್ಧವಾಯಿತೇ ಹೊರತು ಒಳ್ಳೆಯ ಕೋಶವನ್ನು ಕೆಡಿಸಬಲ್ಲುದೆಂಬುದು ಸಿದ್ಧವಾಗಲಿಲ್ಲ.

ಆ ಬಳಿಕ ಬಂದುವು ದೊಡ್ಡ ಪಟ್ಟಿಗಳು. ೨೦೧೪ರಲ್ಲಿ ೩೧ ಬಗೆಯ ೧,೬೭೫ ಗಡ್ಡೆಗಳನ್ನು ಓದಿ ೧,೯೦೭ ಉತ್ಪರಿವರ್ತನೆಗಳನ್ನು ಎಣಿಸಲಾಯಿತು. ಹೊಗೆಸೊಪ್ಪು ಶ್ವಾಸಕೋಶದಲ್ಲಿಯೂ ಬಿಸಿಲು ಚರ್ಮದಲ್ಲಿಯೂ ಕೋಶಕೇಂದ್ರದ ಡಿ.ಎನ್.ಎ.ಯ ಮೇಲೆ ತಮ್ಮ ತಮ್ಮ ಮುದ್ರೆಯನ್ನು ಒತ್ತಿರುವುವು. ಮೈಟೋಕಾಂಡ್ರಿಯದಲ್ಲಿ ಆ ಮುದ್ರೆಗಳಾವುವೂ ಇರಲಿಲ್ಲ. ಆಮ್ಲಜನಕದ ಉಗ್ರರೂಪಗಳ ಗುರುತೂ ಇರಲಿಲ್ಲ; ಮೈಟೋಕಾಂಡ್ರಿಯವು ತಾನು ಹೊಮ್ಮಿಸಿದ ಬೆಂಕಿಯಿಂದ ತನ್ನ ಗ್ರಂಥವನ್ನೇ ಸುಟ್ಟುಕೊಳ್ಳುವುದೆಂದು ಬಹುಕಾಲದಿಂದ ಬೋಧಿಸುತ್ತಿದ್ದವರಿಗೆ ಇದು ಅನಿರೀಕ್ಷಿತವಾಗಿದ್ದಿತು. ಎಲ್ಲ ಅಂಗಗಳಲ್ಲಿಯೂ ಒಂದೇ ಬಗೆಯ ತಪ್ಪುಗಳು, ಅವೂ ಎರಡು ಎಳೆಗಳಲ್ಲಿ ಒಂದರ ಕಡೆಗೇ ವಾಲಿದ್ದುವು: ನಕಲುಮಾಡುವ ಲಿಪಿಕಾರನ ಸಹಜವಾದ ಕೈತಪ್ಪುಗಳು. ಪ್ರೋಟೀನನ್ನು ನಡುವೆಯೇ ಕತ್ತರಿಸಿಬಿಡುವ ಕಡುತಪ್ಪುಗಳು ಸಾಮಾನ್ಯವಾಗಿ ಕಡಮೆ ಪಾಲಿನಲ್ಲಿಯೇ ನಿಂತಿದ್ದುವು. ಎಂದರೆ ಅರ್ಬುದವೂ ತನ್ನ ಮೈಟೋಕಾಂಡ್ರಿಯವನ್ನು ಕೆಡದಂತೆ ಕಾಪಾಡಿಕೊಳ್ಳುವುದೆಂದಾಯಿತು. ವಾರ್ಬುರ್ಗ್ ಅವರ ಊಹೆಗೆ ಇದಕ್ಕಿಂತ ವಿರುದ್ಧವಾದ ಸಾಕ್ಷ್ಯ ಬೇರೆ ಬೇಕಿಲ್ಲ.

ಆದರೆ ೨೦೨೦ರಲ್ಲಿ ೨,೬೫೮ ಅರ್ಬುದಗಳ ಪರೀಕ್ಷೆ ಪ್ರಕಟವಾದಾಗ ಈ ಸಾಮಾನ್ಯನಿಯಮಕ್ಕೆ ಅಪವಾದಗಳು ಸ್ಪಷ್ಟವಾದುವು. ಮೂತ್ರಪಿಂಡ, ದೊಡ್ಡಕರುಳು, ಥೈರಾಯಿಡ್ ಗ್ರಂಥಿ ಈ ಮೂರರ ಅರ್ಬುದಗಳಲ್ಲಿ ಕತ್ತರಿಸುವ ಉತ್ಪರಿವರ್ತನೆಗಳು ಆಕಸ್ಮಿಕವೆನ್ನಲಾಗದಷ್ಟು ಹೆಚ್ಚಾಗಿದ್ದುವು. ಇವುಗಳಲ್ಲಿ ಥೈರಾಯಿಡ್ ಮತ್ತು ಮೂತ್ರಪಿಂಡಗಳ ವಿಷಯದಲ್ಲಿ ಹಿಂದೆಯೇ ಒಂದು ಸುಳಿವಿದ್ದಿತು. ಆಂಕೊಸೈಟೋಮ ಎಂಬ ಗಡ್ಡೆಗಳಲ್ಲಿ ಕೋಶವು ಮೈಟೋಕಾಂಡ್ರಿಯಗಳಿಂದಲೇ ಕಿಕ್ಕಿರಿದಿರುವುದು. ೨೦೦೭ರಲ್ಲಿ ಇಟಲಿಯ ಬೊಲೋನ್ಯದ ಸಂಶೋಧಕರು ಥೈರಾಯಿಡ್ಡಿನ ಇಂಥ ಗಡ್ಡೆಗಳಲ್ಲಿ ಮೊದಲನೆಯ ಘಟಕವನ್ನು ಕೆಡಿಸುವ ಉತ್ಪರಿವರ್ತನೆಗಳು ವಿಶೇಷವಾಗಿರುವುದನ್ನು ತೋರಿಸಿದರು. ಸಾಮರ್ಥ್ಯ ತಗ್ಗಿದ ಯಂತ್ರಗಳನ್ನು ಕೋಶವು ಸಂಖ್ಯೆಯಿಂದ ತುಂಬಿಕೊಳ್ಳಲೆಳಸುವಂತೆ ಕಾಣುವುದು. ಆದರೆ ಮೂತ್ರಪಿಂಡದ ಆಂಕೊಸೈಟೋಮಗಳು ಸಾಮಾನ್ಯವಾಗಿ ಸಾಧುಸ್ವಭಾವದವು. ಹರಡಿ ಕೊಲ್ಲುವ ಜಾತಿಯವಲ್ಲ. ೨೦೧೧ರಲ್ಲಿ ಅದೇ ಬೊಲೋನ್ಯದ ಬಳಗವು ಇದರ ಮರ್ಮವನ್ನು ಪಾಲಿನ ಲೆಕ್ಕದಿಂದ ಬಿಡಿಸಿತು. ಮೊದಲನೆಯ ಘಟಕದ ಒಂದು ವಂಶವಾಹಿಯು ಬಹುತೇಕ ಎಲ್ಲ ಪ್ರತಿಗಳಲ್ಲಿಯೂ ಕೆಟ್ಟುಹೋದರೆ, ಆಮ್ಲಜನಕದ ಅಭಾವಕ್ಕೆ ಕೋಶವು ಹೊಂದಿಕೊಳ್ಳುವ ಏರ್ಪಾಡೇ ಮುರಿದು ಗಡ್ಡೆ ಬೆಳೆಯಲಾರದು. ಮಿತಿಗಿಂತ ಕೆಳಗಿದ್ದರೆ ಗಡ್ಡೆಯ ಬೆಳವಣಿಗೆಗೆ ಆ ತಡೆಯಿಲ್ಲ. ಎರಡು ಮುಖಗಳುಳ್ಳ ರೋಮನರ ಜೇನಸ್ ದೇವತೆಯ ಹೆಸರನ್ನು ಅವರು ಈ ವಂಶವಾಹಿಗೆ ಜೋಡಿಸಿದರು. ೨೦೨೧ರ ಮತ್ತೊಂದು ಪರಿಶೀಲನೆಯಲ್ಲಿ, ಮೈಟೋಕಾಂಡ್ರಿಯದ ಉತ್ಪರಿವರ್ತನೆಯುಳ್ಳ ದೊಡ್ಡಕರುಳಿನ ಅರ್ಬುದದ ರೋಗಿಗಳು ಅದಿಲ್ಲದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ಕಂಡುಬಂದಿತು.

ಉಸಿರಾಟವು ಅರ್ಬುದಕ್ಕೆ ಏಕೆ ಬೇಕೆಂಬ ಪ್ರಶ್ನೆಗೂ ಈಚೆಗೆ ಉತ್ತರ ದೊರೆತಿದೆ. ೨೦೧೫ರಲ್ಲಿ ನ್ಯೂಜಿಲೆಂಡಿನ ಮೈಕಲ್ ಬೆರಿಡ್ಜ್ ಮುಂತಾದವರು ಮೈಟೋಕಾಂಡ್ರಿಯದ ಡಿ.ಎನ್.ಎ. ಇಲ್ಲದ ಶೂನ್ಯಕೋಶಗಳನ್ನು ಇಲಿಗಳಲ್ಲಿ ನೆಟ್ಟರು. ಗಡ್ಡೆಗಳು ಬಹಳ ತಡವಾಗಿ ಎದ್ದುವು. ಎದ್ದ ಗಡ್ಡೆಗಳ ಕೋಶಗಳಲ್ಲಿ ಇಲಿಯದೇ ಪಾಠವುಳ್ಳ ಮೈಟೋಕಾಂಡ್ರಿಯದ ಡಿ.ಎನ್.ಎ. ಇದ್ದಿತು. ನೆರೆಕೋಶಗಳಿಂದ ಎರವು ಪಡೆದಲ್ಲದೆ ಬೆಳೆಯಲು ಅವುಗಳಿಗೆ ಸಾಧ್ಯವಾಗಿರಲಿಲ್ಲ. ೨೦೧೯ರಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿ ತಿಳಿಯಿತು: ಅರ್ಬುದವು ಉಸಿರಾಟವನ್ನು ಬಯಸುವುದು ಎ.ಟಿ.ಪಿ.ಗಾಗಿ ಅಲ್ಲ, ಪಿರಿಮಿಡೀನ್ ಎಂಬ ಡಿ.ಎನ್.ಎ.ಯ ಕಚ್ಚಾದ್ರವ್ಯಕ್ಕಾಗಿ. ಹೊಸ ಕೋಶಗಳನ್ನು ಕಟ್ಟಬೇಕಾದ ಗಡ್ಡೆಗೆ ಒಲೆಯ ಉರಿಗಿಂತ ಉಗ್ರಾಣದ ಸಾಮಗ್ರಿ ಮುಖ್ಯ. ಶ್ವಾಸಯಂತ್ರದ ಕೇಡಿನಿಂದಲೇ ಗಡ್ಡೆ ಹುಟ್ಟುವ ದೃಷ್ಟಾಂತಗಳೂ ಇಲ್ಲದಿಲ್ಲ. ೨೦೦೦ದಲ್ಲಿ, ಕತ್ತಿನಲ್ಲಿ ವಂಶಪಾರಂಪರ್ಯವಾಗಿ ಬರುವ ಪ್ಯಾರಾಗ್ಯಾಂಗ್ಲಿಯೋಮ ಎಂಬ ಗಡ್ಡೆಗೆ ಎರಡನೆಯ ಘಟಕದ ಒಂದು ವಂಶವಾಹಿಯ ಉತ್ಪರಿವರ್ತನೆಯೇ ಕಾರಣವೆಂದು ಸಿದ್ಧವಾಯಿತು. ಆದರೆ ಆ ಘಟಕದ ಅಂಗಗಳೆಲ್ಲವೂ ಕೋಶಕೇಂದ್ರದ ವಂಶವಾಹಿಗಳಿಂದ ಬರತಕ್ಕವು, ಮೈಟೋಕಾಂಡ್ರಿಯದ ಡಿ.ಎನ್.ಎ.ಗೆ ಅದರಲ್ಲಿ ಭಾಗವೇ ಇಲ್ಲ.

ಈ ತಿಳಿವಳಿಕೆ ರೋಗಿಯ ಹಾಸಿಗೆಯ ಬಳಿಗೆ ಬರುವಾಗ ಇನ್ನಷ್ಟು ಜಾಗರೂಕತೆ ಬೇಕಾಗಿದೆ. ಅರ್ಬುದಕ್ಕೆ ಉಸಿರಾಟ ಬೇಕಾದರೆ ಅದನ್ನೇ ಕಟ್ಟಿಹಾಕಬಹುದೆಂದು ಮೊದಲನೆಯ ಘಟಕವನ್ನು ತಡೆಯುವ ಒಂದು ಔಷಧವನ್ನು ರಕ್ತದ ಮತ್ತು ಇತರ ಅಂಗಗಳ ಅರ್ಬುದವಿದ್ದವರಲ್ಲಿ ಪರೀಕ್ಷಿಸಲಾಯಿತು. ನರಗಳಿಗೆ ಹಾನಿಯಾಗಿ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವೇರಿ, ಆ ಪರೀಕ್ಷೆಗಳನ್ನು ನಿಲ್ಲಿಸಬೇಕಾಯಿತೆಂಬ ವರದಿ ೨೦೨೩ರಲ್ಲಿ ಬಂದಿತು. ಉಸಿರಾಟವು ಅರ್ಬುದಕ್ಕೆ ಮಾತ್ರವಲ್ಲ, ನರಕ್ಕೂ ಬೇಕಷ್ಟೆ.

೨೦೨೦ರಲ್ಲಿ ಮೈಟೋಕಾಂಡ್ರಿಯದ ಡಿ.ಎನ್.ಎ.ಯಲ್ಲಿ ಬೇಕಾದ ಒಂದು ಅಕ್ಷರವನ್ನು ಬದಲಾಯಿಸುವ ಉಪಾಯ ಕೈಗೆ ಬಂದ ಮೇಲೆ, ಕಸಿಯ ಹಂಗಿಲ್ಲದೆ ನೇರವಾಗಿ ಪರೀಕ್ಷಿಸುವುದು ಸಾಧ್ಯವಾಗಿದೆ. ೨೦೨೪ರಲ್ಲಿ ಗ್ಲಾಸ್ಗೊ ನಗರದ ಸಂಶೋಧಕರು ಇಲಿಯ ಮೆಲನೋಮ ಎಂಬ ಚರ್ಮಾರ್ಬುದದ ಕೋಶಗಳಲ್ಲಿ ಮೊದಲನೆಯ ಘಟಕದ ಒಂದು ವಂಶವಾಹಿಯನ್ನು ಹೀಗೆ ತಿದ್ದಿ ಕೆಡಿಸಿದರು. ಕೋಶಗಳು ವಾರ್ಬುರ್ಗ್ ಅವರು ವರ್ಣಿಸಿದಂತೆಯೇ ಹುದುಗಿಸುವುದಕ್ಕೆ ತೊಡಗಿದುವು. ಆದರೆ ಆ ಗಡ್ಡೆಗಳು ದೇಹದ ರಕ್ಷಣಾಶಕ್ತಿಯನ್ನು ಹುರಿದುಂಬಿಸುವ ಚಿಕಿತ್ಸೆಗೆ ಮೊದಲಿಗಿಂತ ಸುಲಭವಾಗಿ ಮಣಿದುವು. ೨೦೨೫ರಲ್ಲಿ ಜಪಾನಿನಿಂದ ಬಂದ ವರದಿಯು ಇದಕ್ಕೆ ಎದುರಾಗಿ ಕಾಣುವುದು. ಗಡ್ಡೆಯೊಳಕ್ಕೆ ಹೋರಾಡಲು ನುಗ್ಗಿದ ಟಿ ಕೋಶಗಳಿಗೆ ಅರ್ಬುದದ ಕೋಶಗಳು ತಮ್ಮ ಕೆಟ್ಟ ಮೈಟೋಕಾಂಡ್ರಿಯವನ್ನು ದಾಟಿಸಿ ಅವುಗಳನ್ನು ದುರ್ಬಲಗೊಳಿಸುವುವೆಂದೂ, ಮೆಲನೋಮ ಮತ್ತು ಶ್ವಾಸಕೋಶದ ಅರ್ಬುದಗಳಲ್ಲಿ ಇಂಥ ಉತ್ಪರಿವರ್ತನೆಯಿದ್ದ ರೋಗಿಗಳಿಗೆ ಅದೇ ಚಿಕಿತ್ಸೆಯಿಂದ ಕಡಮೆ ಗುಣವಾಯಿತೆಂದೂ ಅದು ತಿಳಿಸುವುದು. ಒಂದು ವರದಿಯಲ್ಲಿ ಉತ್ಪರಿವರ್ತನೆ ರೋಗಿಗೆ ಸಹಾಯಕ, ಮತ್ತೊಂದರಲ್ಲಿ ಬಾಧಕ. ಉತ್ಪರಿವರ್ತನೆ ಯಾವ ವಂಶವಾಹಿಯದು, ಎಷ್ಟು ಪಾಲಿನ ಪ್ರತಿಗಳಲ್ಲಿರುವುದು, ಅರ್ಬುದದ ಕೋಶದಲ್ಲಿಯೇ ನಿಂತಿತೋ ರಕ್ಷಕಕೋಶಕ್ಕೂ ದಾಟಿತೋ ಎಂಬ ಮೂರನ್ನೂ ಒಬ್ಬೊಬ್ಬ ರೋಗಿಯಲ್ಲಿಯೂ ಅಳೆದು ನೋಡದೆ ಈ ಎರಡನ್ನೂ ಹೊಂದಿಸುವುದು ಸಾಧ್ಯವಿಲ್ಲ.